ರಿಬಾ, ಬಡ್ಡಿ, ಲಾಭ: ಇಸ್ಲಾಮೀ ಹಣಕಾಸಿನ ಶಿಕ್ಷಣದ ಹಿನ್ನೆಲೆ

ಕನ್ನಡದ ‘ಬಡ್ಡಿ’ ಶಬ್ದವು ಸಂಸ್ಕೃತದ ‘ವೃದ್ಧಿ’ಯಿಂದ ಪ್ರಾಕೃತದ ಮೂಲಕ ಬಂದುದು. ಅರಬ್ಬಿಯ ‘ರಿಬಾ’ ಶಬ್ದದ ಧಾತ್ವರ್ಥವೂ ಹೆಚ್ಚಳ, ಬೆಳೆಯುವಿಕೆ ಎಂದೇ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾಪರಂಪರೆಗಳು ಒಂದು ವ್ಯವಹಾರವನ್ನು ಒಂದೇ ಕಲ್ಪನೆಯಿಂದ ಹೆಸರಿಸಿರುವುದು ಗಮನಾರ್ಹ. ಆದರೆ ನಿಲುವುಗಳು ಬೇರೆ. ಗದ್ಯಾಣಗಳನ್ನು ದತ್ತಿಯಿಟ್ಟು, ಅವುಗಳ ಬಡ್ಡಿಯಿಂದ ದೇಗುಲ-ಬಸದಿಗಳ ನಂದಾದೀವಿಗೆ ನಡೆಯಬೇಕೆಂದು ವಿಧಿಸಿದ ಶಾಸನಗಳು ನಮ್ಮಲ್ಲಿವೆ. ಕುರಾನ್ ವ್ಯಾಪಾರವನ್ನು ಒಪ್ಪಿ ರಿಬಾವನ್ನು ನಿಷೇಧಿಸುತ್ತದೆ. ಹಾಗಾದರೆ ವ್ಯಾಪಾರದ ಲಾಭಕ್ಕೂ ಸಾಲದ ಬಡ್ಡಿಗೂ ಇರುವ ಅಂತರವೇನು? ಇಂದು ಬ್ಯಾಂಕ್ ಅಧಿಕಾರಿಗಳಿಗೆ ಬೋಧಿಸಲಾಗುತ್ತಿರುವ ಇಸ್ಲಾಮೀ ಹಣಕಾಸು ಶಾಸ್ತ್ರದ ಮೂಲಪ್ರಶ್ನೆ ಇದೇ ಆಗಿದೆ.

ಫಿಕ್ಹ್ ಪಂಡಿತರ ಉತ್ತರದ ತಿರುಳು ಇಷ್ಟು: ನಷ್ಟದ ಹೊಣೆ ಹೊತ್ತವನಿಗೆ ಮಾತ್ರ ಲಾಭದ ಹಕ್ಕು. ಈ ತತ್ತ್ವದಿಂದಲೇ ಹೂಡಿಕೆಯ ಸಾಧನಗಳು ರೂಪುಗೊಂಡವು. ‘ಮುದಾರಬಾ’ದಲ್ಲಿ ಒಬ್ಬನದು ಬಂಡವಾಳ, ಮತ್ತೊಬ್ಬನದು ದುಡಿಮೆ, ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣ ಹೋಗುವುದು ಬಂಡವಾಳಗಾರನದು, ದುಡಿದವನದು ವ್ಯರ್ಥಶ್ರಮ. ‘ಮುಶಾರಕಾ’ದಲ್ಲಿ ಇಬ್ಬರೂ ಬಂಡವಾಳ ಹೂಡುತ್ತಾರೆ. ‘ಮುರಾಬಹಾ’ದಲ್ಲಿ ಬ್ಯಾಂಕು ವಸ್ತುವನ್ನು ತಾನೇ ಕೊಂಡು, ಅಸಲನ್ನೂ ಲಾಭವನ್ನೂ ತಿಳಿಸಿ ಗ್ರಾಹಕನಿಗೆ ಮಾರುತ್ತದೆ. ‘ಇಜಾರಾ’ ಎಂದರೆ ಬಾಡಿಗೆಯ ಒಪ್ಪಂದ. ನಮ್ಮ ಹಳೆಯ ಕಂದಾಯ ದಾಖಲೆಗಳ ‘ಇಜಾರೆ’ಯೂ ಇದೇ ಶಬ್ದ.

ಈ ಪ್ರಾಚೀನ ಒಪ್ಪಂದಗಳು ಆಧುನಿಕ ಬ್ಯಾಂಕಿನ ಅಂಗಳಕ್ಕೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಉಳಿತಾಯ ಬ್ಯಾಂಕುಗಳಿಂದ ಪ್ರೇರಿತರಾದ ಅಹಮದ್ ಅಲ್ ನಜ್ಜಾರ್ ಅವರು 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಪಟ್ಟಣದಲ್ಲಿ ಗ್ರಾಮೀಣರಿಗಾಗಿ ಬಡ್ಡಿರಹಿತ ಉಳಿತಾಯ ಬ್ಯಾಂಕನ್ನು ಆರಂಭಿಸಿದರು. ಆ ಪ್ರಯೋಗ ನಾಲ್ಕೈದು ವರ್ಷಗಳಲ್ಲೇ ಮುಗಿದರೂ ಅದು ತೋರಿದ ದಾರಿ ಮುಚ್ಚಲಿಲ್ಲ. ಅಲೀಗಢದಲ್ಲಿ ಅಧ್ಯಾಪಕರಾಗಿದ್ದ ಮುಹಮ್ಮದ್ ನಜಾತುಲ್ಲಾ ಸಿದ್ದೀಕಿ ಅವರು ಬಡ್ಡಿಯಿಲ್ಲದ ಬ್ಯಾಂಕಿನ ಸ್ವರೂಪವನ್ನು ಉರ್ದುವಿನಲ್ಲಿ ವಿವರಿಸಿದರು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕು ಸ್ಥಾಪನೆಯಾಯಿತು. ಅದೇ ವರ್ಷ ಜೆದ್ದಾದಲ್ಲಿ ಇಸ್ಲಾಮಿಕ್ ಅಭಿವೃದ್ಧಿ ಬ್ಯಾಂಕು ಕಾರ್ಯಾರಂಭ ಮಾಡಿತು.

ಬ್ಯಾಂಕುಗಳು ಹೆಚ್ಚಿದಂತೆ ಒಂದು ಕೊರತೆ ಎದ್ದು ಕಂಡಿತು. ಧರ್ಮಶಾಸ್ತ್ರ ಬಲ್ಲವರಿಗೆ ಲೆಕ್ಕಪತ್ರ ತಿಳಿಯದು. ಲೆಕ್ಕಪತ್ರ ಬಲ್ಲವರಿಗೆ ಶಾಸ್ತ್ರ ತಿಳಿಯದು. ಈ ಅಂತರವನ್ನು ತುಂಬಲು ಅಭಿವೃದ್ಧಿ ಬ್ಯಾಂಕು 1981ರಲ್ಲಿ ಸಂಶೋಧನೆ ಮತ್ತು ತರಬೇತಿಯ ಸಂಸ್ಥೆಯೊಂದನ್ನು ತೆರೆಯಿತು. 1991ರಲ್ಲಿ ಬಹ್ರೇನಿನಲ್ಲಿ ನೆಲೆಗೊಂಡ ‘ಆಯೋಫಿ’ ಸಂಸ್ಥೆಯು ಲೆಕ್ಕಪತ್ರ ಹಾಗೂ ಶರೀಅತ್ ಮಾನದಂಡಗಳನ್ನು ರೂಪಿಸಿ, ಮುಂದೆ ವೃತ್ತಿಪರರಿಗೆ ಪ್ರಮಾಣಪತ್ರಗಳನ್ನೂ ನೀಡತೊಡಗಿತು. ಮಲೇಷಿಯಾದ ಕೇಂದ್ರ ಬ್ಯಾಂಕು 2005ರಲ್ಲಿ ಕೌಲಾಲಂಪುರದಲ್ಲಿ ‘ಇನ್ಸೀಫ್’ ಎಂಬ ಉನ್ನತ ಶಿಕ್ಷಣ ಸಂಸ್ಥೆಯನ್ನು ಇದಕ್ಕಾಗಿಯೇ ಸ್ಥಾಪಿಸಿತು.

ಆದರೆ ಹೆಸರನ್ನು ಕಲಿಸುವುದು ಸುಲಭ, ಅರ್ಥವನ್ನು ಉಳಿಸುವುದು ಕಷ್ಟ. ‘ಸುಕೂಕ್’ ಎಂಬ ಹೂಡಿಕೆ ಪತ್ರಗಳ ಪ್ರಸಂಗ ಇದಕ್ಕೆ ಸಾಕ್ಷಿ. ಸುಕೂಕ್ ಹೊಂದಿದವನು ಆಸ್ತಿಯೊಂದರ ಪಾಲುದಾರನೇ ಹೊರತು ಸಾಲಿಗನಲ್ಲ. ಆದರೂ ಅನೇಕ ಸುಕೂಕ್‌ಗಳಲ್ಲಿ ಅವಧಿ ಮುಗಿದಾಗ ಮುಖಬೆಲೆಗೇ ಮರಳಿ ಕೊಳ್ಳುವ ವಾಗ್ದಾನವಿರುತ್ತಿತ್ತು. ಅಸಲು ಭದ್ರವಾದ ಮೇಲೆ ನಷ್ಟದ ಹೊಣೆ ಎಲ್ಲಿ? ಆಯೋಫಿಯ ಶರೀಅತ್ ಮಂಡಳಿಯ ಅಧ್ಯಕ್ಷರಾಗಿದ್ದ ಮುಹಮ್ಮದ್ ತಖಿ ಉಸ್ಮಾನಿ ಅವರು 2007ರಲ್ಲಿ ಈ ಪ್ರಶ್ನೆಯನ್ನೆತ್ತಿದರು. 2008ರ ಫೆಬ್ರವರಿಯಲ್ಲಿ ಮಂಡಳಿಯು, ಪಾಲುದಾರಿಕೆಯ ಸುಕೂಕ್‌ಗಳಲ್ಲಿ ವ್ಯವಸ್ಥಾಪಕನು ಅಂಥ ವಾಗ್ದಾನ ನೀಡಲಾಗದೆಂದು ವಿಧಿಸಿತು. ವಸ್ತುವನ್ನು ಸಾಲಕ್ಕೆ ಮಾರಿ, ಗ್ರಾಹಕನ ಪರವಾಗಿ ಒಡನೆಯೇ ಕಡಿಮೆ ಬೆಲೆಗೆ ಮಾರಿಕೊಟ್ಟು ನಗದು ಒದಗಿಸುವ ‘ಸಂಘಟಿತ ತವರ್ರುಖ್’ ಪದ್ಧತಿಯನ್ನು 2009ರಲ್ಲಿ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ತಿರಸ್ಕರಿಸಿತು. ಅಲ್ಲಿ ಸರಕು ಕೇವಲ ನೆಪ, ನಡೆಯುವುದು ಸಾಲವೇ.

ಶಬ್ದ ಮತ್ತು ಅರ್ಥಗಳ ಸಹಭಾವವಿಲ್ಲದೆ ಕಾವ್ಯವಿಲ್ಲವೆಂದು ನಮ್ಮ ಮೀಮಾಂಸಕರು ಬಗೆದರು. ಒಪ್ಪಂದಕ್ಕೂ ಈ ಮಾತು ಸಲ್ಲುತ್ತದೆ. ಅರಬ್ಬೀ ಪಾರಿಭಾಷಿಕಗಳನ್ನು ಕಂಠಪಾಠ ಮಾಡಿದ ಅಧಿಕಾರಿಯು ಹಳೆಯ ಬಡ್ಡಿಗೆ ಹೊಸ ಹೆಸರಿಡಬಲ್ಲ. ‘ಇಲ್ಲಿ ನಷ್ಟವಾದರೆ ಹೊರುವವರು ಯಾರು?’ ಎಂದು ಪ್ರತಿಯೊಂದು ಕರಾರಿನ ಮುಂದೆಯೂ ಕೇಳಬಲ್ಲವನು ಮಾತ್ರ ಈ ಶಾಸ್ತ್ರವನ್ನು ಕಲಿತವನು.