ಲಾಗಿನ್ ಒಂದು, ಕೆಲಸ ಒಂದೇ

ಆಂಧ್ರದ ಹಿಂದೂಪುರದಿಂದ ಅಲ್ಲಿನದೇ ಕಲ್ಯಾಣದುರ್ಗಕ್ಕೆ ಕರ್ನಾಟಕದ ಪಾವಗಡದ ಮೇಲೆ ಹೋದರೆ ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕು. ಅಷ್ಟರೊಳಗೆ ಹೊಲದ ಕಾಗದದ ಹೆಸರೂ ಬದಲಾಗಿರುತ್ತದೆ. ಆಂಧ್ರದ ಆ ಎರಡು ಊರುಗಳಲ್ಲಿ ಅಡಂಗಲ್, ಪಾವಗಡದಲ್ಲಿ ಪಹಣಿ.

ಪಹಣಿ ಬೇಕೆಂದರೆ ಮೊದಲು ಗ್ರಾಮಲೆಕ್ಕಿಗ ಕೈಗೆ ಸಿಗಬೇಕಿತ್ತು. ಕರ್ನಾಟಕದಲ್ಲಿ ಆಗ ಅವರು ಸುಮಾರು 9,000 ಮಂದಿ, ಒಬ್ಬೊಬ್ಬರಿಗೆ ಮೂರ್ನಾಲ್ಕು ಹಳ್ಳಿ. ದಫ್ತರ ಅವರ ಹತ್ತಿರ, ತಿದ್ದುವ ಪೆನ್ನೂ ಅವರದೇ. 2001ರ ಹೊತ್ತಿಗೆ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 177 ತಾಲ್ಲೂಕು ಕಚೇರಿಗಳಲ್ಲಿ ಕೌಂಟರ್ ತೆರೆಯಿತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಕೈಬರಹದ ಪ್ರತಿಗೆ ಬೆಲೆ ಹೋಯಿತು.

ಆ ಕೌಂಟರನ್ನು ಹತ್ತಿರದಿಂದ ನೋಡಬೇಕು. ಕೂತವರ ಎದುರಿಗೊಂದು ಪರದೆ, ನಿಂತ ರೈತನ ಕಡೆಗೆ ತಿರುಗಿಸಿದ ಇನ್ನೊಂದು. ಒಳಗೇನು ನಡೆಯುತ್ತದೆಂದು ಆತನಿಗೂ ಕಾಣಲಿ ಎಂದು. ದಾಖಲೆ ತಿದ್ದುವ ಅಧಿಕಾರಿ ಬೆರಳೊತ್ತಿಯೇ ಒಳಹೋಗಬೇಕು, ಹೋದರೂ ತೆರೆಯುವುದು ತನ್ನ ಪಾಲಿನ ಕೆಲಸ ಮಾತ್ರ. ಖಾತೆ ಬದಲಾವಣೆಯ ಅರ್ಜಿಗಳೂ ಬಂದ ಸರದಿಯಲ್ಲೇ. ‘ಸ್ವಲ್ಪ ನಮ್ಮದು ಮುಂದೆ ಹಾಕಿ ಸಾರ್’ ಎಂಬ ಮಾತು ಯಂತ್ರಕ್ಕೆ ಕೇಳಿಸದು.

ಬಳಕೆದಾರನನ್ನು ಹೀಗೆ ಒಂದೇ ಕೆಲಸಕ್ಕೆ ಕಟ್ಟಿಹಾಕುವ ಯುಕ್ತಿ ಕಾರ್ಯಾಚರಣ ವ್ಯವಸ್ಥೆ ಯೂನಿಕ್ಸ್‌ನಷ್ಟೇ ಹಳೆಯದು. ಅದರ ಪಾಸ್‌ವರ್ಡ್ ಕಡತದಲ್ಲಿ ಪ್ರತಿ ಹೆಸರಿನ ಮುಂದೆ, ಲಾಗಿನ್ ಆದೊಡನೆ ಯಾವ ಪ್ರೋಗ್ರಾಂ ಏಳಬೇಕೆಂದು ಬರೆದಿರುತ್ತದೆ. ಅಲ್ಲಿ ಎಲ್ಲ ಆಜ್ಞೆಗಳನ್ನೂ ಕೇಳುವ ಶೆಲ್ ಬದಲು ಎಡಿಟರ್ ಹೆಸರಿಟ್ಟರೆ ಟೈಪಿಸ್ಟ್ ನೇರ ಎಡಿಟರಿಗೇ ಬಂದಿಳಿಯುತ್ತಾರೆ, ಹೊರಬಂದರೆ ಲಾಗಿನ್ನೇ ಮುಗಿಯಿತು. ಯೂನಿಕ್ಸ್ ರೂಪಿಸಿದ ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಇದರ ವಿವರಣೆಯಿದೆ. ಚೆಸ್ ಆಡಲು ಬಂದವರನ್ನು ಚೆಸ್ಸಿನಲ್ಲೇ ಕೂಡಿಹಾಕುವ ಉದಾಹರಣೆಯನ್ನೂ ಅವರು ಕೊಟ್ಟರು. ಉಳಿದ ಯೂನಿಕ್ಸ್ ಇನ್ನೂ ಸ್ವಾರಸ್ಯದ್ದಿರಬಹುದು ಎಂಬ ತುಂಟತನದ ಸೇರ್ಪಡೆಯೊಂದಿಗೆ. ವಿಂಡೋಸ್ 8.1 ಇದನ್ನೇ 2013ರಲ್ಲಿ ಸೆಟ್ಟಿಂಗ್ಸ್‌ಗೆ ತಂದಿತು: ಒಂದು ಖಾತೆ, ಒಂದೇ ಆ್ಯಪ್.

ಗಡಿಯಾಚೆ ಆಂಧ್ರದಲ್ಲಿ ಸರ್ಕಾರಿ ಸೇವೆಯ ಇಂಥದೇ ಕೌಂಟರುಗಳ ‘ಮೀಸೇವಾ’ ಬಂದದ್ದು 2011ರಲ್ಲಿ. ಹಿಂದೂಪುರ, ಕಲ್ಯಾಣದುರ್ಗಗಳ ರೈತರ ಅಡಂಗಲ್ಲೂ ಕೌಂಟರಿಗೆ ಬಂತು.

ಬಳಕೆದಾರನನ್ನು ಒಂದೇ ಕೆಲಸದಲ್ಲಿ ಕೂಡಿಹಾಕುವ ಬೀಗಗಳಿಗೆ ಒಂದು ಹಳೆಯ ಕಿಂಡಿಯಿದೆ: ಪ್ರಿಂಟ್ ಕಿಟಕಿ. ‘ಕಡತವಾಗಿ ಉಳಿಸು’ ಎಂದು ಒತ್ತಿದರೆ ಇಡೀ ಡಿಸ್ಕಿನ ಪಟ್ಟಿ ಎದುರು ಬಿಚ್ಚಿಕೊಳ್ಳಬಹುದು. ಹಾಗಾಗಿ ಇಂಥ ಒಂದೇ ಕೆಲಸದ ಯಂತ್ರ, ಅಂದರೆ ಕಿಯೋಸ್ಕ್, ಕಟ್ಟುವವರು ಅದನ್ನು ಮುಚ್ಚಲು ನೋಡುತ್ತಾರೆ. ಆದರೆ ಪಹಣಿ ಕೌಂಟರಿಗೆ ಬಂದವನು ಪ್ರಿಂಟ್ ಇಲ್ಲದೆ ಮನೆಗೆ ಹೋಗುವುದಿಲ್ಲ.