ಪರೀಕ್ಷೆಯ ದಿನ: ಗಡಿನಾಡಿನ ಕನ್ನಡ ಶಾಲೆಗಳ ಒಂದು ಇತಿಹಾಸ

ನಮ್ಮ ಕನ್ನಡ ಶಾಲೆಗಳ ಇತಿಹಾಸವನ್ನು ಹೇಳುವಾಗ ನಾವು ಶಾಲೆ ತೆರೆದ ವರ್ಷವನ್ನು, ಭೂಮಿ ಕೊಟ್ಟ ದಾನಿಗಳನ್ನು, ಅಕ್ಷರ ತಿದ್ದಿಸಿದ ಗುರುಗಳನ್ನು ಸ್ಮರಿಸುತ್ತೇವೆ. ಪರೀಕ್ಷೆಯ ವೇಳಾಪತ್ರಿಕೆಯನ್ನು ಯಾರೂ ಸ್ಮರಿಸುವುದಿಲ್ಲ. ಆದರೆ ಪರೀಕ್ಷೆ ಯಾವಾಗ, ಯಾರ ಅಪ್ಪಣೆಯಂತೆ, ಯಾವ ಭಾಷೆಯಲ್ಲಿ ನಡೆಯಿತು ಎಂಬುದನ್ನು ಪರಿಶೀಲಿಸಿದರೆ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಕನ್ನಡ ಶಿಕ್ಷಣದ ಏಳುಬೀಳುಗಳು ಸ್ಪಷ್ಟವಾಗುತ್ತವೆ. ತಡವಳದಲ್ಲಿ ನಾವೆಲ್ಲರೂ ಕೂಡಿರುವ ಈ ಸಂದರ್ಭದಲ್ಲಿ ಆ ವಿಷಯವನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ.

1854ರ ವುಡ್ ಅವರ ಶಿಕ್ಷಣ ನಿರೂಪದ ತರುವಾಯ, 1855ರಲ್ಲಿ ಮುಂಬಯಿ ಪ್ರಾಂತದಲ್ಲಿ ಸರಕಾರಿ ಶಿಕ್ಷಣ ಇಲಾಖೆ ರೂಪುಗೊಂಡಿತು. ಸೊಲ್ಲಾಪುರವು ಅದೇ ಪ್ರಾಂತಕ್ಕೆ ಸೇರಿತ್ತು. ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಆ ಕಾಲದ ಪ್ರಾಥಮಿಕ ಶಾಲೆಗೆ ಪರೀಕ್ಷೆಯ ದಿನವೆಂದರೆ ಡೆಪ್ಯುಟಿ ಸಾಹೇಬರು ಬರುವ ದಿನ. ಅವರು ಹುಡುಗರನ್ನು ಎದುರಿಗೆ ನಿಲ್ಲಿಸಿ ಓದಿಸುವರು, ಲೆಕ್ಕ ಕೇಳುವರು. ಧಾರವಾಡ ಭಾಗದಲ್ಲಿ ಕನ್ನಡ ಶಾಲೆಗಳು ಬೇರೂರಲು ಶ್ರಮಿಸಿದ ಚನ್ನಬಸಪ್ಪನವರ ಹೆಸರಿನ ಹಿಂದೆ 'ಡೆಪ್ಯುಟಿ' ಎಂಬ ಪದವಿ ಇಂದಿಗೂ ಅಂಟಿಕೊಂಡಿರುವುದು ಆ ಅಧಿಕಾರದ ಮಹತ್ವವನ್ನು ತೋರಿಸುತ್ತದೆ. ಅಂದು ಪರೀಕ್ಷಕನೇ ಮಗುವಿನ ಊರಿಗೆ ಬರುತ್ತಿದ್ದನು.

ಅನಂತರ ಮಗುವೇ ಪರೀಕ್ಷೆಯ ಊರಿಗೆ ಹೋಗುವ ಕಾಲ ಬಂದಿತು. ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಮುಲ್ಕಿ ಪರೀಕ್ಷೆಯನ್ನು ನಮ್ಮ ಹಿರಿಯರು ಮರೆತಿಲ್ಲ. ಅದರಲ್ಲಿ ತೇರ್ಗಡೆಯಾದವರಿಗೆ ಶಾಲಾ ಮಾಸ್ತರಿಕೆ, ತಲಾಠಿಕೆಯಂತಹ ನೌಕರಿಯ ಬಾಗಿಲು ತೆರೆಯುತ್ತಿತ್ತು. ರೊಟ್ಟಿಯ ಗಂಟು ಕಟ್ಟಿಕೊಂಡು ಕೇಂದ್ರಕ್ಕೆ ಹೋಗಿ ಬರೆದ ಕಥೆಯನ್ನು ನಮ್ಮಲ್ಲಿ ಅನೇಕರು ಅಜ್ಜಂದಿರ ಬಾಯಿಂದ ಕೇಳಿದ್ದೇವೆ. ಕನ್ನಡದಲ್ಲಿ ಮುಲ್ಕಿ ಪಾಸಾಗಿ ನೌಕರಿ ಹಿಡಿಯಬಹುದೆಂಬ ಭರವಸೆಯೇ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಲು ತಂದೆತಾಯಿಗಳಿಗೆ ಧೈರ್ಯ ಕೊಟ್ಟಿತು.

1948ರಲ್ಲಿ ಅಕ್ಕಲಕೋಟ ಸಂಸ್ಥಾನವು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ನಾವು ಹೊರಗುಳಿದೆವು. 1960ರ ಮೇ 1ರಂದು ಮಹಾರಾಷ್ಟ್ರದವರಾದೆವು. 1967ರ ಮಹಾಜನ ವರದಿ ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಆದರೆ 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳಿದೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಶಿಷ್ಯವೃತ್ತಿ ಪರೀಕ್ಷೆಯನ್ನು ನಮ್ಮ ಮಕ್ಕಳು ಕನ್ನಡದಲ್ಲಿಯೇ ಬರೆಯಬಹುದಾಗಿದೆ. ಬಹುಕಾಲ 4 ಮತ್ತು 7ನೇ ತರಗತಿಗಳಿಗಿದ್ದ ಆ ಪರೀಕ್ಷೆ 2016-17ರಲ್ಲಿ 5 ಮತ್ತು 8ನೇ ತರಗತಿಗಳಿಗೆ ಬದಲಾಗಿತ್ತು.

ಈಗ ಮೂರನೆಯ ಹಂತ. ಪರೀಕ್ಷಕನೂ ಬರುವುದಿಲ್ಲ, ಮಗುವೂ ಹೋಗುವುದಿಲ್ಲ. ಒಂದೇ ದಿನ ಇಡೀ ರಾಜ್ಯಕ್ಕೆ ಪ್ರಶ್ನೆಪತ್ರಿಕೆ ಬರುತ್ತದೆ. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿಯವರೆಗೆ ಬೋರ್ಡ್ ಪರೀಕ್ಷೆ ಬೇಡವೆಂದಿತು. ಮಗು ಏನು ಕಲಿತಿದೆ ಎಂದು ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆ ಎದ್ದು, 2015ರಲ್ಲಿ 'ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ' ಯೋಜನೆಯಡಿ ಏಕರೂಪದ ಚಾಚಣಿಗಳು ಆರಂಭವಾದವು. 2025ರಲ್ಲಿ 1ರಿಂದ 9ನೇ ತರಗತಿಯ ಪರೀಕ್ಷೆಗಳನ್ನು ರಾಜ್ಯದಾದ್ಯಂತ ಏಪ್ರಿಲ್ 8ರಿಂದ 25ರವರೆಗೆ ನಡೆಸಬೇಕೆಂಬ ಆದೇಶ ಬಂದಿತು. ಪರೀಕ್ಷೆ ಬೇಗ ಮುಗಿದರೆ ಮಕ್ಕಳು ಶಾಲೆಗೆ ಬರುವುದಿಲ್ಲವೆಂಬುದು ಒಂದು ವಾದ. ಬಿಸಿಲಿನಲ್ಲಿ ಮಕ್ಕಳು ಬಳಲುತ್ತಾರೆ, ಮೇ 1ರೊಳಗೆ ಫಲಿತಾಂಶ ಸಿದ್ಧಪಡಿಸುವುದು ಕಷ್ಟ ಎಂಬುದು ಶಿಕ್ಷಕರ ಆಕ್ಷೇಪ.

ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ನಮ್ಮ ಸೀಮೆಯ ಪಂಚಾಂಗವೇ ಬೇರೆ. ಕಬ್ಬಿನ ಕಟಾವು, ಹಿಂಗಾರು ಜೋಳದ ಕೊಯ್ಲು, ರಾಶಿ ಮುಗಿಯುವ ಹೊತ್ತಿಗೆ ಬೇಸಿಗೆ ಕಾಲಿಟ್ಟಿರುತ್ತದೆ. ಏಪ್ರಿಲಿನಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಸುಗ್ಗಿಯಲ್ಲಿ ಶಾಲೆ ತಪ್ಪಿಸಿದ ಮಗು, ನೆತ್ತಿ ಸುಡುವ ಹೊತ್ತಿನಲ್ಲಿ ಬರೆದ ಉತ್ತರದಿಂದ ಅದರ ಕಲಿಕೆಯನ್ನಷ್ಟೇ ಅಳೆದಂತಾಗುವುದಿಲ್ಲ.

ದಿನಾಂಕದ ಅನಿಶ್ಚಿತತೆಯೂ ಕೇಡೇ. ಗಡಿಯಾಚೆಯ ಕರ್ನಾಟಕದಲ್ಲಿ 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೇ ತರಗತಿಯ ಬೋರ್ಡ್ ಪರೀಕ್ಷೆ ನ್ಯಾಯಾಲಯದ ಆದೇಶಗಳ ನಡುವೆ ಆರಂಭವಾಗಿ, ನಿಂತು, ಮತ್ತೆ ನಡೆಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯ ಫಲಿತಾಂಶಕ್ಕೆ ತಡೆ ನೀಡಿತು. ದೊಡ್ಡವರ ವ್ಯಾಜ್ಯದಲ್ಲಿ ಹತ್ತು ವರ್ಷದ ಮಕ್ಕಳು ಕಾಯುತ್ತ ಕುಳಿತರು.

ಆದ್ದರಿಂದ ಪರೀಕ್ಷೆಯೇ ಬೇಡವೆಂದು ನಾವು ಹೇಳುವುದಿಲ್ಲ. ಮುಲ್ಕಿಯ ಕಾಲದಿಂದಲೂ ಕನ್ನಡದ ಪ್ರಶ್ನೆಪತ್ರಿಕೆಯೇ ಈ ನೆಲದಲ್ಲಿ ನಮ್ಮ ಭಾಷೆಗೆ ದೊರೆತ ಮನ್ನಣೆ. ಆ ಪತ್ರಿಕೆ ಮರಾಠಿಯ ನೆರಳಾಗದೆ ಶುದ್ಧ ಕನ್ನಡದಲ್ಲಿರಲಿ. ಮರಾಠಿ ಮಾಧ್ಯಮದವರಿಗೆ ತಲುಪುವ ದಿನವೇ ನಮ್ಮ ಮಕ್ಕಳಿಗೂ ತಲುಪಲಿ. ದಿನಾಂಕ ವರ್ಷಾರಂಭದಲ್ಲಿಯೇ ತಿಳಿಯಲಿ. ಬಿಸಿಲಿನ ದಿನಗಳಲ್ಲಿ ಪರೀಕ್ಷೆ ಬೆಳಗಿನ ತಂಪಿನಲ್ಲಿ ಮುಗಿಯಲಿ. ಇವನ್ನು ಕೇಳುವುದು ಸಂಘದ ಕೆಲಸ. ಸುಗ್ಗಿಯಿದ್ದರೂ ಮಗುವನ್ನು ಶಾಲೆಗೆ ಕಳಿಸುವುದು ಮನೆಯವರ ಕೆಲಸ. ಈ ಎರಡೂ ನಡೆದರೆ ಪರೀಕ್ಷೆಯ ದಿನ ಕನ್ನಡ ಶಾಲೆಯ ಬೆಂಚುಗಳು ತುಂಬಿರುತ್ತವೆ.