ಮೂರು ಉತ್ತರದ ಪ್ರಶ್ನೆ

ಹಳೆಯ ಪೌರತ್ವ ಪರೀಕ್ಷೆಗೆ ಓದಿದ ನಮ್ಮವರಿಗೆಲ್ಲ ಆ ಪ್ರಶ್ನೆ ಗೊತ್ತು: ಅಮೆರಿಕದ ಅಂತರ್ಯುದ್ಧಕ್ಕೆ ಒಂದು ಕಾರಣ ಹೇಳಿ. ಗುಲಾಮಗಿರಿ, ಆರ್ಥಿಕ ಕಾರಣ, ರಾಜ್ಯಗಳ ಹಕ್ಕು – ಯಾವುದು ಹೇಳಿದರೂ ಪಾಸಾಗುತ್ತಿತ್ತು. ನಾವೂ ಬಾಯಿಪಾಠ ಮಾಡಿ ಒಪ್ಪಿಸಿ ಬಂದೆವು.

ಆದರೆ 1861ರ ಜನವರಿಯಲ್ಲಿ ಒಕ್ಕೂಟ ಬಿಟ್ಟ ಮಿಸಿಸಿಪಿ, ಕಾರಣ ಕೊಡುವಾಗ ಮೊದಲಿಗೇ ಗುಲಾಮಗಿರಿಯ ಹೆಸರೆತ್ತಿತು. ಸೌತ್ ಕ್ಯಾರೊಲಿನಾದ ದೂರಂತೂ ಇನ್ನೂ ಸ್ವಾರಸ್ಯ: ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದುಕೊಡುತ್ತಿಲ್ಲ ಎಂದು! ಉತ್ತರದವರಿಗೆ ಮಾತ್ರ ರಾಜ್ಯದ ಹಕ್ಕು ಬೇಡವಾಗಿತ್ತೇ? ಯುದ್ಧ ಸೋತ ಮೇಲೆ ದಕ್ಷಿಣದವರು ಹಕ್ಕಿನ ಮಾತನ್ನೇ ಮುಂದೆ ಮಾಡಿದರು. ಅದು ಚೆನ್ನಾಗಿಯೇ ನಾಟಿತು. 2011ರ ಪ್ಯೂ ಸಮೀಕ್ಷೆಯಲ್ಲಿ ರಾಜ್ಯಗಳ ಹಕ್ಕೇ ಮುಖ್ಯ ಕಾರಣವೆಂದವರು ಶೇ. 48, ಗುಲಾಮಗಿರಿ ಎಂದವರು ಶೇ. 38.

ನಮ್ಮ ವಾಷಿಂಗ್ಟನ್ ರಾಜ್ಯವೂ ಇದಕ್ಕೆ ಹೊರತಲ್ಲ. ಸಿಯಾಟಲ್ ಮೂಲಕ ಹಾಯುವ ಹಳೆಯ 99ನೇ ಹೆದ್ದಾರಿಯ ಎರಡು ತುದಿಗಳಲ್ಲಿ, ಬ್ಲೇನ್ ಮತ್ತು ವ್ಯಾಂಕೂವರ್ ಊರುಗಳಲ್ಲಿ, ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹೆಸರಿನ ಕಲ್ಲುಗಳನ್ನು ನೆಟ್ಟಿದ್ದರು. ಬ್ಲೇನ್‌ನ ಕಲ್ಲನ್ನು ತೆಗೆದದ್ದು 2002ರಲ್ಲಿ. 2016ರಲ್ಲಿ ಹೆದ್ದಾರಿಗೆ ವಿಲಿಯಂ ಪಿ. ಸ್ಟುವರ್ಟ್ ಹೆಸರಿಟ್ಟರು. ಅವರು ಉತ್ತರದ ಸೇನೆಯಲ್ಲಿ ಹೋರಾಡಿ, ಬಳಿಕ ಇಲ್ಲೇ ಸ್ನೋಹೋಮಿಶ್‌ನಲ್ಲಿ ಮನೆ ಮಾಡಿದ ಆಫ್ರಿಕನ್ ಅಮೆರಿಕನ್ ಸೈನಿಕ.